ಪದಚರ್ಚೆ: ಟೆಲಿಸ್ಕೋಪಿನ ‘ಪವರ್’, ‘ಬ್ಯಾಟರಿ’, ‘ಶೋಧಕ’. ಇವಕ್ಕೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ಶಿರಸಿ ಹತ್ತಿರದ ನಮ್ಮ ಮನೆಗೆ ಹೋದ ತಿಂಗಳು ಒಂದು ಟೆಲಿಸ್ಕೋಪ್ ಬಂತು. 130 ಮಿಲಿಮೀಟರ್ ಅಗಲದ ಕನ್ನಡಿಯದು, ಹೊಸಬರಿಗೆಂದೇ ಮಾಡಿದ್ದು, ಜೊತೆಗೆ ಕಂಪ್ಯೂಟರ್ ಬೇರೆ. ಟಿವಿ ರಿಮೋಟಿನಂಥ ಒಂದರಲ್ಲಿ ಗ್ರಹದ ಹೆಸರು ಒತ್ತಿದರೆ ತಾನೇ ಗುರ್ ಅಂತ ತಿರುಗಿ ಅತ್ತ ಮುಖ ಮಾಡುತ್ತದೆ. ಊರಿನ ಹೈಸ್ಕೂಲು ಮಕ್ಕಳೂ ಬಳಸಲಿ ಅಂತ ಕನ್ನಡದಲ್ಲಿ ಎರಡು ಪುಟದ ಸೂಚನೆ ಬರೆಯಲು ಕೂತೆ. ಎರಡು ಪುಟಕ್ಕೆ ಮೂರು ವಾರ ಆಯಿತು, ಇನ್ನೂ ಮುಗಿದಿಲ್ಲ. ಅಡ್ಡ ಬಂದದ್ದು ವಿಜ್ಞಾನ ಅಲ್ಲ, ಪದಗಳು.

ಮೊದಲು ‘ಬ್ಯಾಟರಿ’. ಈ ಯಂತ್ರಕ್ಕೆ ಎಂಟು ಪೆನ್ಸಿಲ್ ಸೆಲ್ ಬೇಕು. ಒಂದೊಂದು 1.5 ವೋಲ್ಟ್, ಒಟ್ಟು 12. ಮೊದಲ ರಾತ್ರಿಯೇ ಅರ್ಧದಲ್ಲಿ ಸೆಲ್ ಇಳಿದುಹೋಯಿತು. ಅಂಗಳದ ದೀಪ ಆರಿಸಿ ಅರ್ಧ ಗಂಟೆ ಆಗಿತ್ತು, ಎಲ್ಲರ ಕಣ್ಣೂ ಕತ್ತಲಿಗೆ ಪಳಗಿತ್ತು. ನಾನು ಕೊಳವೆ ಹಿಡಿದುಕೊಂಡೇ, ಹೊಸ ಸೆಲ್ ಪೊಟ್ಟಣ ಹಿಡಿದು ನಿಂತಿದ್ದ ಚಿಕ್ಕಪ್ಪನಿಗೆ “ಬ್ಯಾಟರಿ ಹಾಕಿ” ಅಂದೆ. ಅವರು ಪೊಟ್ಟಣ ಜೇಬಿಗಿಟ್ಟು, ಹೆಗಲಿನ ಟಾರ್ಚು ತೆಗೆದು, ನೇರ ನಮ್ಮ ಮುಖಕ್ಕೇ ಬಿಟ್ಟರು! ತಪ್ಪು ಅವರದ್ದಲ್ಲ. ನಮ್ಮ ಕಡೆ ಬ್ಯಾಟರಿ ಅಂದರೆ ಟಾರ್ಚು. ಹಾಕುವುದು ಅಂದರೆ ಬೆಳಕು ಹಾಕುವುದು. ಒಳಗೆ ತುಂಬುವುದು ‘ಸೆಲ್ಲು’.

ಹಾಗಾಗಿ ಸೂಚನೆಯಲ್ಲಿ ‘ಸೆಲ್’ ಅಂತಲೇ ಬರೆದಿದ್ದೇನೆ. ಒಂದು ಎಚ್ಚರಿಕೆಯನ್ನೂ ಸೇರಿಸಿದೆ. ಚಾರ್ಜ್ ಮಾಡುವ ಸೆಲ್ ಒಂದೊಂದು 1.2 ವೋಲ್ಟ್ ಮಾತ್ರ, ಎಂಟು ಸೇರಿದರೂ 9.6. ಮೋಟರು ಜೋರಾಗಿ ತಿರುಗಿದಾಗ ವೋಲ್ಟೇಜು ಇನ್ನೂ ಕುಸಿಯುತ್ತದೆ. ಆಗ ರಿಮೋಟು ಆರಿ ಹತ್ತಿಕೊಳ್ಳುತ್ತದೆ, ಆಕಾಶದಲ್ಲಿ ಯಾವುದು ಎಲ್ಲಿದೆ ಅನ್ನುವುದೆಲ್ಲ ಮರೆತುಬಿಡುತ್ತದೆ. ಮತ್ತೆ ಮೊದಲಿಂದ ಶುರು. ನಾನು ಈಗ ವೈಫೈ ಪೆಟ್ಟಿಗೆಗೆ ಹಾಕುವ 12 ವೋಲ್ಟಿನ ಸಣ್ಣ ಯುಪಿಎಸ್ ಬಳಸುತ್ತಿದ್ದೇನೆ, 2 ಆಂಪಿಯರ್ ಕೊಡುವಂಥದ್ದು. ಪಿನ್ನು ಸಿಸಿಟಿವಿ ಕ್ಯಾಮೆರಾದ್ದೇ: ಹೊರಗೆ 5.5 ಮಿ.ಮೀ., ಒಳತೂತು 2.1. ಪ್ಲಸ್ಸು ಪಿನ್ನಿನ ಒಳಗಿರಬೇಕು. ಇದನ್ನು ‘ಧನಾಗ್ರ’ ಅಂತ ಒಂದು ಕರಡಿನಲ್ಲಿ ಬರೆದಿದ್ದೆ. ಅಂಗಡಿಯ ಹುಡುಗ ಓದಿ “ಅಂದ್ರೆ?” ಅಂದ. “ಒಳಗೆ ಪ್ಲಸ್ಸು, ಹೊರಗೆ ಮೈನಸ್ಸು” ಅಂದೆ. “ಹಂಗ್ ಹೇಳಿ ಮತ್ತೆ” ಅಂತ ಎರಡು ನಿಮಿಷದಲ್ಲಿ ವೈರು ಕಟ್ಟಿಕೊಟ್ಟ. ಧನಾಗ್ರ ಅಳಿಸಿದೆ.

ಎರಡನೆಯದು ‘ಪವರ್’. ನೋಡಲು ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ “ಇದರ ಪವರ್ ಎಷ್ಟು?” ತಲೆಯಲ್ಲಿ ಸೆಲ್ಲಿನ ಚಿಂತೆಯೇ ಇದ್ದ ನಾನು ಒಮ್ಮೆ “ಹನ್ನೆರಡು” ಅಂದುಬಿಟ್ಟೆ. “ಬರೀ ಹನ್ನೆರಡಾ?” ಅಂತ ಅವರು ಮುಖ ಸಣ್ಣ ಮಾಡಿಕೊಂಡರು. ಅವರು ಕೇಳಿದ್ದು ಎಷ್ಟು ದೊಡ್ಡದಾಗಿ ತೋರಿಸುತ್ತದೆ ಅಂತ. ಶಾಲೆಯಲ್ಲಿ ‘ಮಸೂರದ ಸಾಮರ್ಥ್ಯ’ ಅಂತ ಓದುತ್ತೇವಲ್ಲ, ಅದು ಬೇರೆ. ಕನ್ನಡಕದ ಪವರ್ ಅದೇ, ಡಯಾಪ್ಟರಿನ ಲೆಕ್ಕ. ಹೀಗೆ ಒಂದೇ ಪದಕ್ಕೆ ಮೂರು ಅರ್ಥ ಆಯಿತು.

ನನ್ನ ಪರಿಹಾರ ಇದು: ವಿದ್ಯುತ್ತಿಗೆ ‘ಕರೆಂಟು’, ದೊಡ್ಡದು ಮಾಡುವುದಕ್ಕೆ ‘ಪಟ್ಟು’. ಕನ್ನಡಿಯ ಸಂಗಮದೂರ (ಕನ್ನಡಿಯಿಂದ ಬೆಳಕು ಒಂದೆಡೆ ಕೂಡುವ ಜಾಗಕ್ಕಿರುವ ದೂರ, ಫೋಕಲ್ ಲೆಂತ್) 650 ಮಿ.ಮೀ. ಅದನ್ನು ಕಣ್ಣಿಡುವ ಗಾಜಿನ ಮೇಲೆ ಬರೆದ ಸಂಖ್ಯೆಯಿಂದ ಭಾಗಿಸಿದರೆ ಪಟ್ಟು ಸಿಗುತ್ತದೆ. 25 ಮಿ.ಮೀ. ಹಾಕಿದರೆ 26 ಪಟ್ಟು, 9 ಹಾಕಿದರೆ 72 ಪಟ್ಟು. ಸಂಖ್ಯೆ ಸಣ್ಣದಾದಷ್ಟೂ ಪಟ್ಟು ಜಾಸ್ತಿ, ಕನ್ನಡಕಕ್ಕೆ ಪೂರಾ ಉಲ್ಟಾ. ‘ವರ್ಧನೆ’ ಅಂದರೆ ಯಾಕಾಗದು ಅಂತ ಕೇಳಬಹುದು. ಆಗುತ್ತದೆ, ಆದರೆ “72 ವರ್ಧನೆ” ಅಂತ ಯಾರ ಬಾಯಲ್ಲೂ ಬರುವುದಿಲ್ಲ. “72 ಪಟ್ಟು” ಅಂತ ಚಿಕ್ಕಪ್ಪ ಮರುದಿನವೇ ಪಕ್ಕದ ಮನೆಯಲ್ಲಿ ಹೇಳುತ್ತಿದ್ದರು.

ಮೂರನೆಯದಕ್ಕೇ ಈ ಪತ್ರ ಬರೆದದ್ದು. ಕೊಳವೆಯ ಬೆನ್ನ ಮೇಲೆ ಗುರಿ ನೋಡಲು ಒಂದು ಪುಟ್ಟ ಸಾಧನ ಇರುತ್ತದೆ, ಫೈಂಡರ್. ಅದನ್ನು ‘ಶೋಧಕ’ ಅಂತ ಬರೆದಿದ್ದೆ. ಶೋಧಿಸು ಅಂದರೆ ಹುಡುಕು, ಸರಿಯಾಗಿಯೇ ಇದೆ. ಆದರೆ ಶೋಧಿಸು ಅಂದರೆ ಸೋಸು ಅಂತಲೂ ಹೌದಲ್ವಾ? ಫಿಲ್ಟರಿಗೂ ‘ಶೋಧಕ’ ಎನ್ನುತ್ತಾರೆ. ಈಗ ನನ್ನ ಕರಡಿನ ಈ ಸಾಲು ನೋಡಿ: ‘ಸೂರ್ಯನನ್ನು ನೋಡುವ ಮೊದಲು ಶೋಧಕವನ್ನು ತೆಗೆದಿಡಿ.’ ನಾನು ಹೇಳಹೊರಟದ್ದು ಫೈಂಡರಿನ ಬಗ್ಗೆ. ಅದರಲ್ಲಿ ಗಾಜಿದ್ದರೆ ಅದರ ಮೂಲಕವೂ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಅದಕ್ಕೆ ತೆಗೆಯಬೇಕು, ಇಲ್ಲವೇ ಮುಚ್ಚಬೇಕು. ಫಿಲ್ಟರ್ ಅಂತ ಓದಿಕೊಂಡ ಹುಡುಗ ಕೊಳವೆಯ ಬಾಯಿಗೆ ಕಟ್ಟಿದ ಸೂರ್ಯನ ಫಿಲ್ಟರನ್ನೇ ಬಿಚ್ಚುತ್ತಾನೆ. ಕಣ್ಣು ಇಟ್ಟ ಕ್ಷಣದಲ್ಲೇ ಹೋಯಿತು. ಎರಡನೇ ಸಲ ಓದುವಾಗ ಇದು ಹೊಳೆದು ಮೈ ಜುಂ ಅಂತು. ಪದಕೋಶದಲ್ಲಿ ಎರಡೂ ಅರ್ಥ ಒಂದೇ ಸಾಲಿನಲ್ಲಿ ಸುಮ್ನೆ ಕೂತಿರುತ್ತವೆ, ಸೂಚನೆಯ ಹಾಳೆಯಲ್ಲಿ ಹಾಗೆ ಬಿಡುವಂತಿಲ್ಲ.

ಸದ್ಯಕ್ಕೆ ಫೈಂಡರಿಗೆ ‘ಗುರಿಗಾಜು’, ಫಿಲ್ಟರಿಗೆ ಫಿಲ್ಟರ್ ಅಂತಲೇ ಇಟ್ಟಿದ್ದೇನೆ. ‘ಸೋಸುಗಾಜು’ ಮನಸ್ಸಿಗೆ ಬಂತು, ಆದರೆ ನಮ್ಮ ಫಿಲ್ಟರು ಗಾಜಲ್ಲ, ಹಾಳೆ. ಅದೂ ಅಲ್ಲದೆ ಗುರಿಗಾಜಿನಲ್ಲೂ ಒಂದು ತಕರಾರು ಇದೆ. ನಮ್ಮದರಲ್ಲಿರುವುದು ಕೆಂಪು ಚುಕ್ಕಿ ತೋರಿಸುವ ಥರದ್ದು, ಏನನ್ನೂ ದೊಡ್ಡದು ಮಾಡುವುದಿಲ್ಲ. ವಾಚಿನ ಸೆಲ್ಲಿನಂಥ ಒಂದು ಗುಂಡು ಸೆಲ್ಲು ಅದಕ್ಕೆ. ಆರಿಸಲು ಮರೆತರೆ ಬೆಳಗಾಗುವುದರಲ್ಲಿ ಖಾಲಿ. ಎರಡು ಸಲ ಮರೆತಿದ್ದೇನೆ.

ಇನ್ನುಳಿದ ಪದಗಳಲ್ಲಿ ಅಷ್ಟು ಕಷ್ಟ ಆಗಲಿಲ್ಲ. ಕೊಳವೆಯ ಬಾಯಿಗೆ ಇಬ್ಬನಿ ಕೂರದಂತೆ ಸುತ್ತುವ ಪಟ್ಟಿಗೆ ಅಮ್ಮ ‘ಕುಲಾವಿ’ ಅಂದರು. ಅದಕ್ಕಿಂತ ಒಳ್ಳೆಯದು ನನಗೆ ಸಿಗಲಿಲ್ಲ. (ಮುಂದುಗಡೆ ಗಾಜಿರುವವಕ್ಕೆ ಕುಲಾವಿ ಬೇಕೇ ಬೇಕು. ನಮ್ಮದರ ಕನ್ನಡಿ ಕೊಳವೆಯ ಬುಡದಲ್ಲಿದೆ, ಅಷ್ಟು ಅವಸರವಿಲ್ಲ.) ತಾನೇ ತಿರುಗಿ ಹುಡುಕುವುದಕ್ಕೆ ಇಂಗ್ಲಿಷಿನಲ್ಲಿ ‘ಗೋಟು’ (Go To) ಅನ್ನುತ್ತಾರೆ ಅಂದಾಗ ಚಿಕ್ಕಪ್ಪ “ಬಿಳಿಗೋಟೋ ಕೆಂಪುಗೋಟೋ, ಕ್ವಿಂಟಲಿಗೆ ಎಷ್ಟಂತೆ?” ಅಂದರು. ಗೋಟು ಅಂದರೆ ಅಡಿಕೆಯ ಒಂದು ಬಗೆ ಅನ್ನುವ ಊರಲ್ಲಿ ಆ ಪದ ನಡೆಯುವುದಿಲ್ಲ, ‘ತಾನೇ ತಿರುಗುವ’ ಅಂತ ಬರೆದೆ. ‘ದೂರದರ್ಶಕ’ ಅಂದರೆ ಹಿರಿಯರಿಗೆ ಟಿವಿ ನೆನಪಾಗುತ್ತದೆ. ನನಗೆ ‘ದುರ್ಬೀನು’ ಇಷ್ಟ, ಪಾರಸಿಯಿಂದ ಬಂದು ಇಲ್ಲೇ ಮನೆ ಮಾಡಿಕೊಂಡ ಪದ. ಆದರೆ ಮಕ್ಕಳಿಗೆ ಅದು ಎರಡು ಕಣ್ಣಿನ ಬೈನಾಕ್ಯುಲರ್ರು.

ಕೇಳಬೇಕಾದ್ದು ಇಷ್ಟು. ಫೈಂಡರಿಗೆ ನಿಮ್ಮಲ್ಲಿ ಯಾರಾದರೂ ಬಳಸಿ ನೋಡಿದ ಪದ ಇದೆಯಾ? ಪದಕೋಶದ್ದು ಬೇಡ, ಬಾಯಲ್ಲಿ ಬಂದದ್ದು ಬೇಕು. ಕೋವಿಯ ಮೂತಿಯ ಮೇಲೆ ಗುರಿ ಹಿಡಿಯಲು ಒಂದು ಸಣ್ಣ ಮೊಳಕೆಯಂಥದ್ದು ಇರುತ್ತದಲ್ಲ, ಕೊಡಗಿನ ಕಡೆಯವರು, ಮಲೆನಾಡಿನ ಹಿರಿಯರು ಅದಕ್ಕೆ ಏನನ್ನುತ್ತಾರೆ? ಕೆಲಸ ಒಂದೇ ಆದ್ದರಿಂದ ಆ ಪದ ಇಲ್ಲಿಗೂ ಹೊಂದಬಹುದು ಅಂತ ನನ್ನ ಅಂದಾಜು. ಮತ್ತೆ, ಟಾರ್ಚಿಗೆ ಬ್ಯಾಟರಿ ಅನ್ನದ ಊರು ಯಾವುದಾದರೂ ಇದ್ದರೆ ಅದನ್ನೂ ತಿಳಿಸಿ.