ಸ್ಟಿಕರ್ ಬೆಲೆ ಮೇಲೆ 7,385 ಡಾಲರ್ ಜಾಸ್ತಿ ಕೇಳ್ತಿದ್ದಾರೆ, ಕೊಡಬೇಕಾ?

ಪ್ರಶ್ನೆ (ಅಮೆರಿಕದ ಟೆಕ್ಸಾಸ್, ಡಲ್ಲಾಸ್ ಹತ್ತಿರದಿಂದ):

ನಮಸ್ಕಾರ ಸರ್. ನೀವು ಹನ್ನೊಂದು ವರ್ಷ ಡೀಲರ್‌ಶಿಪ್‌ನ ಫೈನಾನ್ಸ್ ರೂಮಿನಲ್ಲಿ ಕೆಲಸ ಮಾಡಿದವರು ಅಂತ ಗೊತ್ತಾಗಿ ಕೇಳ್ತಿದ್ದೀನಿ. ನಾನೂ ನನ್ನ ಹೆಂಡತಿಯೂ ಕೇಟರಿಂಗ್ ಮಾಡ್ತೀವಿ. ಯುಗಾದಿ, ರಾಜ್ಯೋತ್ಸವ, ಗೃಹಪ್ರವೇಶ ಅಂತ ವಾರಾಂತ್ಯ ಪೂರ್ತಿ ಓಡಾಟ. ಪಾತ್ರೆ, ಒಲೆ ಎಲ್ಲ ಸೇರಿ 5,500 ಪೌಂಡ್ ತೂಗುವ ಟ್ರೇಲರ್ ಇದೆ, ಹಳೇ ವ್ಯಾನ್ ಅದನ್ನ ಎಳೆಯೋಲ್ಲ.

ಶನಿವಾರ ಒಂದು ಡೀಲರ್ ಹತ್ರ ಹೋಗಿದ್ವಿ. ಫೋರ್ಡ್ ಕಂಪನಿಯ ಪಿಕಪ್ ಟ್ರಕ್ ಎಫ್-150 ಎಕ್ಸ್‌ಎಲ್‌ಟಿ, ನಾಲ್ಕು ಬಾಗಿಲು, ಫೋರ್ ಬೈ ಫೋರ್. ಕಿಟಕಿ ಮೇಲಿನ ಸ್ಟಿಕರ್‌ನಲ್ಲಿ 57,430 ಡಾಲರ್ ಇತ್ತು. ಪಕ್ಕದಲ್ಲೇ ಇನ್ನೊಂದು ಕಾಗದ ಅಂಟಿಸಿದ್ರು: ಮಾರ್ಕೆಟ್ ಅಡ್ಜಸ್ಟ್‌ಮೆಂಟ್ 4,995, ಪ್ರೊಟೆಕ್ಷನ್ ಪ್ಯಾಕೇಜ್ 2,390. ಕೇಳಿದ್ರೆ "ಎಲ್ಲರೂ ಕೊಡ್ತಾರೆ" ಅಂದ್ರು. ನಮ್ಮ ವ್ಯಾನ್ ಮತ್ತು ಮುಂಗಡ ಸೇರಿ 8,000 ಕೊಟ್ರೆ, ಶೇ 7.9 ಬಡ್ಡಿಗೆ 84 ತಿಂಗಳು, "ತಿಂಗಳಿಗೆ 950ರ ಒಳಗೆ ಕೂರಿಸ್ತೀವಿ" ಅಂತಾರೆ. ವ್ಯಾನ್ ಕೀ ತಗೊಂಡು ಹೋದವರು ಒಂದೂವರೆ ಗಂಟೆ ಬರಲೇ ಇಲ್ಲ. ಮೂರು ಗಂಟೆ ಕೂತು, ಅವರ ಕಾಫಿ ಕುಡಿದು, ಬರಿಗೈಲಿ ಎದ್ದು ಬರೋಕೆ ತುಂಬಾ ಮುಜುಗರ ಆಯ್ತು. ಸೋಮವಾರ ಹೇಳ್ತೀವಿ ಅಂದು ಬಂದಿದ್ದೀವಿ. ಇದು ಕಾನೂನುಬದ್ಧವಾ ಸರ್? ಕೊಡಬೇಕಾ?

ಉತ್ತರ:

ಎದ್ದು ಬಂದಿದ್ದೀರಲ್ಲ, ಒಳ್ಳೇದಾಯ್ತು. ನಮ್ಮವರು ಹೆಚ್ಚು ದುಡ್ಡು ಕಳ್ಕೊಳ್ಳೋದು ಗೊತ್ತಿಲ್ಲದೇ ಅಲ್ಲ, ದಾಕ್ಷಿಣ್ಯಕ್ಕೆ. ಕಾಫಿ ಕೊಟ್ಟರು, ಮಗುವಿಗೆ ಬಲೂನ್ ಕೊಟ್ಟರು, ಅಷ್ಟು ಹೊತ್ತು ನಗ್ತಾ ಮಾತಾಡಿದ್ರು, ಹೇಗೆ ಇಲ್ಲ ಅನ್ನೋದು ಅಂತ ಸಹಿ ಹಾಕಿಬಿಡ್ತಾರೆ. ಎಷ್ಟೋ ಸಲ ನನ್ನ ಮೇಜಿನ ಆಚೆ ಬದಿಯಲ್ಲಿ ಅದನ್ನ ನೋಡಿದ್ದೀನಿ, ಈಗ ನೆನೆದರೆ ಸಂಕಟ ಆಗುತ್ತೆ.

ಕಾನೂನಿನ ವಿಷಯ ಮೊದಲು. ಕಿಟಕಿ ಸ್ಟಿಕರ್ ಬಂದದ್ದು 1958ರ ಕಾನೂನಿನಿಂದ. ಒಕ್ಲಹೋಮಾದ ಸೆನೆಟರ್ ಮೈಕ್ ಮಾನ್ರೋನಿ ತಂದದ್ದು, ಅದಕ್ಕೇ ಅದನ್ನ ಮಾನ್ರೋನಿ ಸ್ಟಿಕರ್ ಅಂತಾರೆ. ಆದರೆ ಅದರಲ್ಲಿರೋದು ಕಂಪನಿ ಸೂಚಿಸಿದ ಬೆಲೆ ಅಷ್ಟೆ. ನಮ್ಮೂರಿನ ಎಂಆರ್‌ಪಿ ಥರ ಅದನ್ನ ಮೀರಬಾರದು ಅಂತೇನಿಲ್ಲ. ಡೀಲರ್ ಸ್ವತಂತ್ರ ವ್ಯಾಪಾರಿ, ಗಾಡಿ ಅವನದು, ಮೇಲೆ ಎಷ್ಟು ಬೇಕಾದ್ರೂ ಕೇಳಬಹುದು. ಕೇಳೋದು ಅವನ ಹಕ್ಕು, ಕೊಡಲೇಬೇಕು ಅನ್ನೋದು ಎಲ್ಲೂ ಇಲ್ಲ.

ಈಗ ಲೆಕ್ಕ. 4,995 ಮತ್ತು 2,390 ಸೇರಿದ್ರೆ 7,385. ಟೆಕ್ಸಾಸ್‌ನಲ್ಲಿ ಗಾಡಿಗೆ ಶೇ 6.25 ಸೇಲ್ಸ್ ಟ್ಯಾಕ್ಸ್, ಅದು ಈ ಮೇಲ್ಬೆಲೆಗೂ ಬೀಳುತ್ತೆ. ಹತ್ತಿರ ಹತ್ತಿರ 7,850 ಆಯ್ತು. ಅದನ್ನೂ ಸಾಲಕ್ಕೇ ಸೇರಿಸಿ ಶೇ 7.9ಕ್ಕೆ 84 ತಿಂಗಳು ಕಟ್ಟಿದ್ರೆ ಹತ್ತು ಸಾವಿರ ಡಾಲರ್ ದಾಟುತ್ತೆ. ಎಷ್ಟು ಗೃಹಪ್ರವೇಶಕ್ಕೆ ಅಡುಗೆ ಮಾಡಿದ್ರೆ ಕೈಯಲ್ಲಿ ಹತ್ತು ಸಾವಿರ ಉಳಿಯುತ್ತೆ ಅಂತ ನಿಮಗೇ ಗೊತ್ತು.

"ತಿಂಗಳಿಗೆ 950" ಅಂದದ್ದು ಈ ಲೆಕ್ಕ ನಿಮ್ಮ ಕಣ್ಣಿಗೆ ಬೀಳಬಾರದು ಅಂತ. ನಿಮ್ಮ ಮುಂದೆ ಒಂದು ಹಾಳೆ ಇಟ್ಟಿರಬೇಕಲ್ಲ, ದಪ್ಪ ಮಾರ್ಕರ್‌ನಲ್ಲಿ ಮಧ್ಯೆ ಕೂಡು ಚಿಹ್ನೆ ಎಳೆದು ನಾಲ್ಕು ಮನೆ ಮಾಡಿದ್ದು? ಒಂದರಲ್ಲಿ ಹಳೇ ಗಾಡಿ ಬೆಲೆ, ಒಂದರಲ್ಲಿ ಹೊಸದರದ್ದು, ಒಂದರಲ್ಲಿ ಮುಂಗಡ, ಕೊನೇದರಲ್ಲಿ ತಿಂಗಳ ಕಂತು. ಫೋರ್ ಸ್ಕ್ವೇರ್ ಅಂತಾರೆ. ನೀವು ಒಂದು ಮನೆಯಲ್ಲಿ ಎಳೆದರೆ ಇನ್ನೊಂದು ಮನೆಯಲ್ಲಿ ಬಿಡ್ತಾರೆ. ವ್ಯಾನಿಗೆ ಸಾವಿರ ಜಾಸ್ತಿ ಕೊಟ್ಟು ಟ್ರಕ್ಕಿಗೆ ಸಾವಿರ ಏರಿಸ್ತಾರೆ, ಕಂತು ಇಳಿಸಿ ತಿಂಗಳು ಹೆಚ್ಚಿಸ್ತಾರೆ. ಕಣ್ಣು ಕಂತಿನ ಮೇಲೇ ಇರೋ ಹಾಗೆ ನೋಡ್ಕೊಳ್ತಾರೆ. ಕೀ ಬೇಗ ವಾಪಸ್ ಬರದೇ ಇರೋದೂ ನೀವು ಏಳಬಾರದು ಅಂತಲೇ.

ಬಡ್ಡಿಯಲ್ಲೂ ಒಂದು ಒಳಗುಟ್ಟಿದೆ. ಬ್ಯಾಂಕು ಡೀಲರ್‌ಗೆ ಕೊಡೋ ದರ ಬೇರೆ, ಡೀಲರ್ ನಿಮಗೆ ಹೇಳೋ ದರ ಬೇರೆ. ನಡುವೆ ಒಂದು, ಎರಡು ಪಾಯಿಂಟ್ ಸೇರಿಸೋದು ಮಾಮೂಲು. 60,000 ಸಾಲಕ್ಕೆ 84 ತಿಂಗಳಲ್ಲಿ ಶೇ 5.9ಕ್ಕೂ 7.9ಕ್ಕೂ ವ್ಯತ್ಯಾಸ ಕಂತಿನಲ್ಲಿ 58 ಡಾಲರ್ ಮಾತ್ರ ಕಾಣುತ್ತೆ. ಒಟ್ಟಿನಲ್ಲಿ ಅದು ಸುಮಾರು 4,900. ಅದಕ್ಕೇ ಡೀಲರ್ ಹತ್ರ ಹೋಗೋ ಮೊದಲು ಸದಸ್ಯರದೇ ಸಹಕಾರಿ ಬ್ಯಾಂಕು, ಅಂದ್ರೆ ಕ್ರೆಡಿಟ್ ಯೂನಿಯನ್‌ನಿಂದ ಸಾಲದ ಒಪ್ಪಿಗೆ ಪತ್ರ ತಗೊಳ್ಳಿ. ಪತ್ರ ನೋಡಿದ ಮೇಲೆ ಡೀಲರ್‌ ದರವೂ ಇಳಿಯೋದನ್ನ ನೋಡಿದ್ದೀನಿ.

ಇನ್ನು ನೀವು ಮಾಡಬೇಕಾದ್ದು. ಊರಲ್ಲಿ "ಆನ್ ರೋಡ್ ಎಷ್ಟು?" ಅಂತ ಕೇಳ್ತೀವಲ್ಲ, ಇಲ್ಲಿ "ಔಟ್ ದ ಡೋರ್ ಎಷ್ಟು?" ಅನ್ನಿ. ಆ ಒಂದೇ ಪ್ರಶ್ನೆ ಕೇಳಿ, ಕಂತಿನ ಮಾತು ಎತ್ತಲೇಬೇಡಿ. ಶೋರೂಮಿಗೆ ಹೋಗದೇ, ಎರಡು ಮೂರು ಗಂಟೆ ದಾರಿಯೊಳಗಿನ ಐದಾರು ಡೀಲರ್‌ಗಳಿಗೆ ಇಮೇಲ್ ಹಾಕಿ. ಎಲ್ಲಾ ಶುಲ್ಕ ಸೇರಿದ ಬೈಯರ್ಸ್ ಆರ್ಡರ್, ಅಂದ್ರೆ ಖರೀದಿಯ ಬೆಲೆಪಟ್ಟಿ, ಬರಹದಲ್ಲಿ ಬೇಕು, ಅದರಲ್ಲಿ ಆ ಗಾಡಿಯ ಗುರುತಿನ ಸಂಖ್ಯೆ, ಅಂದ್ರೆ ವಿನ್ ನಂಬರ್, ಇರಬೇಕು ಅನ್ನಿ. ನೀವು ವ್ಯಾಪಾರಕ್ಕೆ ತಗೊಳ್ತಿರೋದ್ರಿಂದ ವ್ಯಾಪಾರಿಗಳಿಗೆ, ಕಂಪನಿಗಳಿಗೆ ಗಾಡಿ ಮಾರೋ ಕಮರ್ಷಿಯಲ್ ಅಥವಾ ಫ್ಲೀಟ್ ಮ್ಯಾನೇಜರ್‌ನ ಕೇಳಿ. ಅವರಿಗೆ ಬಲೂನು, ನಾಲ್ಕು ಮನೆ ಹಾಳೆಗೆಲ್ಲ ಪುರುಸೊತ್ತಿಲ್ಲ, ನೇರವಾಗಿ ಬೆಲೆ ಹೇಳ್ತಾರೆ. ಹಳೇ ವ್ಯಾನಿನ ಮಾತು ಹೊಸ ಗಾಡಿ ಬೆಲೆ ಗಟ್ಟಿಯಾದ ಮೇಲೆ.

ಪ್ಯಾಕೇಜ್ ಬಗ್ಗೆ "ಆಗಲೇ ಹಾಕಿಬಿಟ್ಟಿದ್ದೀವಿ, ತೆಗೆಯೋಕಾಗಲ್ಲ" ಅಂತಾರೆ. ಗಾಲಿಗೆ ನೈಟ್ರೋಜನ್, ಗಾಜಿನ ಮೇಲೆ ನಂಬರ್ ಕೆತ್ತಿದ್ದು, ಪೇಂಟಿಗೆ ಲೇಪ. ತೆಗೆಯೋದು ಬೇಡ, ದುಡ್ಡು ಕೊಡಲ್ಲ ಅನ್ನಿ, ಅಷ್ಟೆ. ಗಾಲಿಯಲ್ಲಿ ತುಂಬೋ ಮಾಮೂಲಿ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ.

ಇನ್ನೊಂದು ಮಾತು. ಡಲ್ಲಾಸ್‌ನ ಡಾಂಬರು ರಸ್ತೆಗೆ ಫೋರ್ ಬೈ ಫೋರ್ ಬೇಕಾ, ಇದಕ್ಕಿಂತ ಅಗ್ಗದ ಮಾದರಿ ಎಕ್ಸ್‌ಎಲ್ ಸಾಲದಾ, ಮನೆಯವರ ಜೊತೆ ಕೂತು ಯೋಚಿಸಿ. ನಿಮಗೆ ಮುಖ್ಯ ಎಳೆಯೋ ಶಕ್ತಿ. ಡ್ರೈವರ್ ಬಾಗಿಲು ತೆರೆದ್ರೆ ಕಂಬದ ಮೇಲೆ ಹಳದಿ ಪಟ್ಟಿಯ ಒಂದು ಲೇಬಲ್ ಇರುತ್ತೆ, ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ. ಟ್ರೇಲರ್ ತೂಕದ ಶೇ 10ರಿಂದ 15ರಷ್ಟು, ಅಂದ್ರೆ ನಿಮ್ಮದರಲ್ಲಿ 550ರಿಂದ 825 ಪೌಂಡ್, ಕೊಕ್ಕೆಯ ಮೂಲಕ ಟ್ರಕ್ ಮೇಲೇ ಕೂರುತ್ತೆ. ಅದರ ಜೊತೆ ನೀವಿಬ್ಬರು, ಸಹಾಯಕ್ಕೆ ಬರೋರು, ಹಿಂದೆ ಅಕ್ಕಿ ಮೂಟೆ. ಒಂದೇ ಮಾದರಿಯ ಎರಡು ಗಾಡಿಗಳಲ್ಲೂ ಈ ಸಂಖ್ಯೆ ಬೇರೆ ಇರುತ್ತೆ. ತಗೊಳ್ಳೋ ಗಾಡಿಯ ಲೇಬಲ್ಲನ್ನೇ ಫೋಟೋ ತೆಗೆದು ಕಳಿಸಿ ಅನ್ನಿ.

ಪ್ರಶ್ನೆ (ಮತ್ತೊಬ್ಬರು):

ಸರ್, ಇದೆಲ್ಲ ಸರಿ, ಆದರೆ ಟ್ರಕ್ ಇಷ್ಟು ದುಬಾರಿ ಆಗಿದ್ದು ಯಾಕೆ? ನಾನು ಬಂದ ಹೊಸದರಲ್ಲಿ ರೈತರೂ ಬಡಗಿಗಳೂ ಓಡಿಸ್ತಿದ್ದ ಗಾಡಿ ಇದು.

ಉತ್ತರ:

ಬೇರು ಹಳೇದು. 1960ರ ದಶಕದ ಶುರುವಿನಲ್ಲಿ ಯುರೋಪಿನವರು ಅಮೆರಿಕದ ಕೋಳಿ ಮಾಂಸಕ್ಕೆ ಸುಂಕ ಹಾಕಿದ್ರು. ಪ್ರತಿಯಾಗಿ ಅಧ್ಯಕ್ಷ ಲಿಂಡನ್ ಜಾನ್ಸನ್ ಆಮದಾಗೋ ಹಗುರ ಟ್ರಕ್‌ಗಳಿಗೆ ಶೇ 25 ಸುಂಕ ಹಾಕಿದ್ರು. 1964ರಿಂದ ಜಾರಿ. ಕೋಳಿ ಜಗಳ ಮರೆತುಹೋಯ್ತು, ಸುಂಕ ಉಳೀತು. ಹೊರಗಿನ ಸಣ್ಣ ಅಗ್ಗದ ಪಿಕಪ್‌ಗಳಿಗೆ ಬಾಗಿಲು ಹಾಕಿದ ಹಾಗಾಯ್ತು, ಇಲ್ಲಿನ ಕಂಪನಿಗಳು ಹೆಚ್ಚು ಲಾಭದ ದೊಡ್ಡ ಟ್ರಕ್ ಕಡೆ ವಾಲಿದ್ವು.

ಆಮೇಲೆ 2021ರ ಚಿಪ್ ಕೊರತೆ. ಫೋರ್ಡ್ ಪೂರ್ತಿಯಾಗದ ಸಾವಿರಾರು ಟ್ರಕ್‌ಗಳನ್ನ ಕೆಂಟಕಿಯ ರೇಸ್ ಟ್ರ್ಯಾಕ್ ಒಂದರಲ್ಲಿ ನಿಲ್ಲಿಸಿತ್ತು. ಮಾರೋಕೆ ಗಾಡಿ ಇಲ್ಲ, ಕೊಳ್ಳೋರು ಸಾಲಾಗಿ ನಿಂತಿದ್ದಾರೆ. ಮಾರ್ಕೆಟ್ ಅಡ್ಜಸ್ಟ್‌ಮೆಂಟ್ ಕಾಗದ ಎಲ್ಲ ಕಿಟಕಿಗೂ ಬಂದದ್ದು ಆಗ. 2022ರಲ್ಲಿ ಫೋರ್ಡ್ ಮುಖ್ಯಸ್ಥ ಜಿಮ್ ಫಾರ್ಲಿಯವರೇ, ಸ್ಟಿಕರ್ ಮೀರಿ ಮಾರೋ ಡೀಲರ್‌ಗಳಿಗೆ ಗಾಡಿ ಕಡಿಮೆ ಕೊಡ್ತೀವಿ ಅಂತ ಎಚ್ಚರಿಸಿದ್ರು. ಆದರೆ ಕಂಪನಿಗಳ ಸ್ಟಿಕರ್ ಬೆಲೆಯೇನು ನಿಂತಿಲ್ಲ. ಫೋರ್ಡ್‌ನದೇ ಸಣ್ಣ ಪಿಕಪ್ ಮ್ಯಾವರಿಕ್ 2022ರ ಮಾದರಿಗೆ 19,995ರಿಂದ ಶುರುವಾಯ್ತು, 2025ರದಕ್ಕೆ 26 ಸಾವಿರ ದಾಟಿತು. ಬಡಗಿಗೆ ಕೈಗೆಟುಕೋ ಹಾಗೆ ಬಂದ ಒಂದು ಗಾಡಿ ಮೂರೇ ವರ್ಷದಲ್ಲಿ ಹೀಗಾದದ್ದು ನನಗೆ ನಿಜವಾಗಿ ಬೇಜಾರು.

ಪ್ರಶ್ನೆ (ಸ್ಯಾನ್ ಹೋಸೆಯಿಂದ):

ಸರ್, ನಮ್ಮೆಜಮಾನರು ಟೊಯೋಟಾದ ಪಿಕಪ್ ಟಕೋಮಾ ನೋಡಿದ್ದಾರೆ. ಡೀಲರ್ ಬಿಲ್ಲಿನಲ್ಲಿ "ಟಾರಿಫ್" ಅಂತ ಬೇರೆ ಸಾಲು ಇದೆ, ಸರ್ಕಾರಕ್ಕೆ ಹೋಗೋದು ಅಂತಾರೆ. ಹೌದಾ?

ಉತ್ತರ:

ಅಲ್ಲ ಮೇಡಂ. ಸುಂಕ ಕಟ್ಟೋದು ಗಡಿಯಲ್ಲಿ, ಆಮದು ಮಾಡೋ ಕಂಪನಿ. ಕಂಪನಿ ಬೆಲೆ ಏರಿಸಿದ್ರೆ ಅದು ಸ್ಟಿಕರ್ ಬೆಲೆಯಲ್ಲೇ ಸೇರಿರುತ್ತೆ. ಸ್ಟಿಕರ್ ಮೇಲೆ ಡೀಲರ್ ಬರೆದ ಸಾಲು ಡೀಲರ್‌ದೇ ದುಡ್ಡು, ಹೆಸರು ಏನೇ ಇಡಲಿ. ಡೀಲರ್ ಕಾಗದಪತ್ರಕ್ಕೆ ಅಂತ ಹಾಕೋ ಡಾಕ್ಯುಮೆಂಟ್ ಫೀ ಕೂಡ ನೋಡ್ಕೊಳ್ಳಿ, ನಿಮ್ಮ ಕ್ಯಾಲಿಫೋರ್ನಿಯಾದಲ್ಲಿ 85 ಡಾಲರ್ ಮೀರೋ ಹಾಗಿಲ್ಲ. ಫ್ಲೋರಿಡಾದವರಿಗೆ ಮಿತಿಯೇ ಇಲ್ಲ, ಪಾಪ.

ಮತ್ತೆ, ವಿನ್ ನಂಬರಿನ ಮೊದಲ ಅಂಕಿ ನೋಡಿ. 1, 4, 5 ಅಂದ್ರೆ ಅಮೆರಿಕದಲ್ಲಿ ಜೋಡಿಸಿದ್ದು, 2 ಕೆನಡಾ, 3 ಮೆಕ್ಸಿಕೊ. ಟಕೋಮಾ ಮೆಕ್ಸಿಕೊದಿಂದ ಬರುತ್ತೆ. 2025ರಿಂದ 2028ರವರೆಗೆ ಸ್ವಂತ ಬಳಕೆಯ ಹೊಸ ಗಾಡಿ ಸಾಲದ ಬಡ್ಡಿಗೆ ವರ್ಷಕ್ಕೆ 10,000 ಡಾಲರ್‌ವರೆಗೆ ಆದಾಯ ತೆರಿಗೆಯಲ್ಲಿ ಕಡಿತ ಇದೆ, ಆದರೆ ಗಾಡಿ ಅಮೆರಿಕದಲ್ಲಿ ಜೋಡಿಸಿದ್ದಾಗಿರಬೇಕು. ಟಕೋಮಾಗೆ ಸಿಗಲ್ಲ. ಆದಾಯದ ಮಿತಿಯೂ ಇದೆ, ನಿಮ್ಮ ಕಡೆ ಇಬ್ಬರೂ ದುಡಿಯೋ ಮನೆಗಳಲ್ಲಿ ಅದು ಬೇಗ ಮೀರುತ್ತೆ.

ಪ್ರಶ್ನೆ (ಇನ್ನೊಬ್ಬರು):

ಅಣ್ಣ, ನಾನು ನಿನ್ನೆಯೇ ಸಹಿ ಹಾಕಿಬಿಟ್ಟೆ. ಮೂರು ದಿನದಲ್ಲಿ ವಾಪಸ್ ಕೊಡಬಹುದು ಅಂತಾರಲ್ಲ?

ಉತ್ತರ:

ಇಲ್ಲ ತಮ್ಮ. ಆ ಮೂರು ದಿನದ ಫೆಡರಲ್ ನಿಯಮ ಡೀಲರ್ ಅಂಗಡಿಯಲ್ಲೇ ಕೂತು ಸಹಿ ಹಾಕಿದ ಗಾಡಿಗೆ ಅನ್ವಯಿಸಲ್ಲ. ಡೀಲರ್‌ಗಳು ಪೂರ್ತಿ ಬೆಲೆ ಮೊದಲೇ ಹೇಳಬೇಕು ಅಂತ ಫೆಡರಲ್ ಟ್ರೇಡ್ ಕಮಿಷನ್ 2023ರ ಡಿಸೆಂಬರ್‌ನಲ್ಲಿ ಒಂದು ನಿಯಮ ತಂದಿತ್ತು. ಜಾರಿಗೆ ಬರೋ ಮೊದಲೇ, 2025ರ ಜನವರಿಯಲ್ಲಿ ನ್ಯಾಯಾಲಯ ರದ್ದು ಮಾಡಿತು.

ಆದರೂ ಕೈ ಚೆಲ್ಲಬೇಡ. ಇವತ್ತು ರಾತ್ರಿ ಕಾಗದ ಎಲ್ಲ ಹರಡ್ಕೊಂಡು ಕೂತು ಎಕ್ಸ್‌ಟೆಂಡೆಡ್ ವಾರಂಟಿ, ಗ್ಯಾಪ್ ಇನ್ಶೂರೆನ್ಸ್ (ಗಾಡಿ ಪೂರ್ತಿ ಹಾಳಾದ್ರೆ ವಿಮೆ ಹಣ ಸಾಲಕ್ಕೆ ಸಾಲದಿದ್ದಷ್ಟನ್ನ ತುಂಬೋದು) ಇದೆಯಾ ನೋಡು. ಅವುಗಳ ಒಪ್ಪಂದದಲ್ಲೇ ಸಾಮಾನ್ಯವಾಗಿ ರದ್ದು ಮಾಡೋ ಷರತ್ತು ಇರುತ್ತೆ, ಬೇಗ ಬರೆದು ಕಳಿಸಿದ್ರೆ ಬಹುಪಾಲು ವಾಪಸ್ ಬರುತ್ತೆ. ಬಡ್ಡಿ ಜಾಸ್ತಿ ಇದ್ರೆ ಕ್ರೆಡಿಟ್ ಯೂನಿಯನ್‌ಗೆ ಸಾಲ ಬದಲಾಯಿಸ್ಕೊ. ಏನೇ ಆದ್ರೂ ಮನೆಯವರ ಹತ್ರ ಮುಚ್ಚಿಡಬೇಡ, ಕಾಗದಗಳ ಫೋಟೋ ನನಗೆ ಕಳಿಸು, ನೋಡೋಣ.

ಮೊದಲು ಕೇಳಿದವರು:

ಸರ್, ಆರು ಕಡೆ ಇಮೇಲ್ ಹಾಕಿದೆ. ಇಬ್ಬರು "ಬಂದು ಮಾತಾಡಿ" ಅಂದ್ರು, ಇಬ್ಬರಿಂದ ಉತ್ತರ ಇಲ್ಲ. ಒಕ್ಲಹೋಮಾದ ಒಬ್ಬರು ಎಕ್ಸ್‌ಎಲ್, ಟೂ ವೀಲ್ ಡ್ರೈವ್, ಸ್ಟಿಕರ್‌ಗಿಂತ 1,800 ಕಡಿಮೆಗೆ ಬರೆದು ಕಳಿಸಿದ್ದಾರೆ. ಲೇಬಲ್ ಫೋಟೋವೂ ಬಂತು. ಟ್ಯಾಕ್ಸ್ ಎರಡೂ ಕಡೆ ಕಟ್ಟಬೇಕಾ?

ಉತ್ತರ:

ಬೇಡ. ಟೆಕ್ಸಾಸ್‌ನಲ್ಲಿ ನೋಂದಣಿ ಮಾಡಿಸೋವಾಗ ನಿಮ್ಮ ಕೌಂಟಿ ಟ್ಯಾಕ್ಸ್ ಆಫೀಸಿನಲ್ಲಿ 6.25 ಕಟ್ಟಬೇಕು. ಅಲ್ಲಿ ಏನಾದ್ರೂ ಟ್ಯಾಕ್ಸ್ ಹಿಡಿದಿದ್ರೆ ರಸೀದಿ ತನ್ನಿ, ಇಲ್ಲಿ ಲೆಕ್ಕಕ್ಕೆ ತಗೊಳ್ತಾರೆ. ವ್ಯಾಪಾರಕ್ಕೆ ಬಳಸೋ ಗಾಡಿಯಾದ್ರಿಂದ ನಿಮ್ಮ ತೆರಿಗೆ ಲೆಕ್ಕ ನೋಡೋ ಸಿಪಿಎ ಹತ್ರ ಸೆಕ್ಷನ್ 179 ಬಗ್ಗೆ ಕೇಳಿ, ವ್ಯಾಪಾರದ ಗಾಡಿಯ ಬೆಲೆಯನ್ನ ಆದಾಯ ತೆರಿಗೆಯಲ್ಲಿ ಖರ್ಚಾಗಿ ಕಳೆಯೋ ನಿಯಮ ಅದು. ದೊಡ್ಡ ಕಡಿತ ಸಿಗೋಕೆ ಗಾಡಿಯ ಗರಿಷ್ಠ ಒಟ್ಟು ತೂಕ 6,000 ಪೌಂಡ್ ಮೀರಿರಬೇಕು, ಆ ಅಂಕಿಯೂ ಬಾಗಿಲ ಕಂಬದ ಮೇಲೇ ಇರುತ್ತೆ.

ಹೋಗೋವಾಗ ಅವರು ಕಳಿಸಿದ ಬೈಯರ್ಸ್ ಆರ್ಡರ್ ಪ್ರಿಂಟ್ ತಗೊಂಡು ಹೋಗಿ. ಸಹಿ ಹಾಕೋ ಕಾಗದದ ಪಕ್ಕ ಇಟ್ಕೊಂಡು ಸಾಲು ಸಾಲಾಗಿ ಓದಿ, ಇಬ್ಬರೂ ಓದಿ. ಒಂದು ಸಾಲು ಹೆಚ್ಚಿದ್ರೂ ಪೆನ್ನು ಕೆಳಗಿಟ್ಟು ಕೇಳಿ. ವ್ಯಾನನ್ನ ಅಲ್ಲಿಗೆ ಒಯ್ಯಬೇಡಿ, ಇಲ್ಲೇ ಬೇರೆ ಮಾರೋಣ. ಮಧ್ಯೆ ಏನಾದ್ರೂ ಗೊಂದಲ ಆದ್ರೆ ಅಲ್ಲಿಂದಲೇ ಮೆಸೇಜ್ ಮಾಡಿ, ಶನಿವಾರ ನಾನು ಮನೇಲೇ ಇರ್ತೀನಿ.