ಥೈರಾಯ್ಡ್ ಮಾತ್ರೆಯಿಂದ ಮೂಳೆ ಸವೆಯುತ್ತದೆಯೇ? ಟಿಎಸ್‌ಎಚ್ 0.08 ಬಂದಿದೆ

ಬೆಟ್ಟದಾವರೆ:
ಅಮ್ಮನಿಗೆ 61 ವರ್ಷ, ತೂಕ 52 ಕೆಜಿ. ಹೈಪೋಥೈರಾಯ್ಡ್‌ಗೆ (ಥೈರಾಯ್ಡ್ ಹಾರ್ಮೋನು ಕಡಿಮೆ ಇರುವುದಕ್ಕೆ) ಲೆವೋಥೈರಾಕ್ಸಿನ್ ಎಂಬ ಹಾರ್ಮೋನು ಮಾತ್ರೆ 100 ಮೈಕ್ರೋಗ್ರಾಂ ತಗೊಳ್ತಾರೆ. ಎರಡು ವರ್ಷದ ಹಿಂದೆ ಟಿಎಸ್‌ಎಚ್ (ಹಾರ್ಮೋನು ಸಾಲದಿದ್ದರೆ ಏರುವ, ಹೆಚ್ಚಾದರೆ ಇಳಿಯುವ ರಕ್ತಪರೀಕ್ಷೆಯ ಅಂಕಿ) 9 ಇತ್ತೆಂದು 75ರಿಂದ 100ಕ್ಕೆ ಏರಿಸಿದ್ದರು. ಆಗ ಕ್ಯಾಲ್ಸಿಯಂ ಮಾತ್ರೆಯನ್ನೂ ಬೆಳಿಗ್ಗೆ ಜೊತೆಗೇ ನುಂಗುತ್ತಿದ್ದರು, ಈಗ ರಾತ್ರಿ ಊಟದ ಜೊತೆ. ಈ ವಾರ ಟಿಎಸ್‌ಎಚ್ 0.08. ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ (ಕೆಳಗಿಳಿದಷ್ಟೂ ಮೂಳೆ ತೆಳು) ಸೊಂಟದ ಹತ್ತಿರ −2.3, ಬೆನ್ನುಮೂಳೆ −1.4. ಮೂಳೆ ಸವೆದದ್ದು ಕಾಯಿಲೆಯಿಂದಲೋ ಮಾತ್ರೆಯಿಂದಲೋ? ನೆಂಟರೆಲ್ಲ ಮಾತ್ರೆ ನಿಲ್ಲಿಸಿಬಿಡಿ ಅಂತಿದ್ದಾರೆ.

ಡಾಕ್ಟರಮ್ಮ_ಎಂಡೋ:
ಮಾತ್ರೆ ಮಾತ್ರ ನಿಲ್ಲಿಸಬೇಡಿ. ಮೂಳೆಗೆ ಕೆಡುಕು ಮಾಡುವುದು ಮಾತ್ರೆಯಲ್ಲ, ಬೇಕಾದ್ದಕ್ಕಿಂತ ಹೆಚ್ಚಾದ ಮಾತ್ರೆ.

ನಮ್ಮ ಮೂಳೆ ಸದಾ ರಿಪೇರಿಯಲ್ಲಿರುತ್ತದೆ. ಒಂದು ಜಾಗದಲ್ಲಿ ಹಳೆಯದನ್ನು ಕೊರೆದು ತೆಗೆದು ಹೊಸದು ತುಂಬಲು ಸುಮಾರು 200 ದಿನ ಬೇಕು. ಥೈರಾಯ್ಡ್ ಹಾರ್ಮೋನು ತೀರಾ ಕಡಿಮೆಯಾದರೆ ಇದೇ ಕೆಲಸ 700 ದಿನಗಳವರೆಗೂ ಎಳೆಯುತ್ತದೆ. ಹಳೆಯ ಮೂಳೆ ಹಾಗೇ ಉಳಿಯುವುದರಿಂದ ಸ್ಕ್ಯಾನ್‌ನಲ್ಲಿ ಸಾಂದ್ರತೆ ಸರಿಯಾಗಿಯೇ ಕಾಣಬಹುದು. ಹಾರ್ಮೋನು ಹೆಚ್ಚಾದಾಗ ಕೊರೆಯುವ ವೇಗಕ್ಕೆ ತುಂಬುವ ಕೆಲಸ ಸಾಟಿಯಾಗುವುದಿಲ್ಲ, ಪ್ರತಿ ಸುತ್ತಿನಲ್ಲೂ ಸ್ವಲ್ಪ ಖೋತಾ. ಮುಟ್ಟು ನಿಂತವರಲ್ಲಿ ತಡೆಯುವ ಈಸ್ಟ್ರೋಜನ್ ಕೂಡ ಇರುವುದಿಲ್ಲ. ಟಿಎಸ್‌ಎಚ್ 0.1ಕ್ಕಿಂತ ಕೆಳಗೇ ಉಳಿದರೆ ಮೂಳೆ ಮುರಿತದ ಜೊತೆ ಎದೆಬಡಿತ ತಪ್ಪುವ ಅಪಾಯವೂ ಇದೆ.

ಈಗ ಲೆಕ್ಕ ನೋಡಿ. ಗ್ರಂಥಿ ಪೂರ್ತಿ ಕೈಕೊಟ್ಟವರಿಗೂ ಕೆಜಿಗೆ ಸುಮಾರು 1.6 ಮೈಕ್ರೋಗ್ರಾಂ ಸಾಕು. 52 ಕೆಜಿಗೆ 83. ಅಮ್ಮ ತಗೊಳ್ತಿರೋದು 100. ಆ 9 ಬಂದದ್ದು ಬಹುಶಃ ಡೋಸ್ ಕಡಿಮೆಯಾಗಿ ಅಲ್ಲ; ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಮಾತ್ರೆಯನ್ನು ಹಿಡಿದುಕೊಳ್ಳುತ್ತಿತ್ತು. ಕ್ಯಾಲ್ಸಿಯಂ ರಾತ್ರಿಗೆ ಹೋಯಿತು, ಏರಿಸಿದ ಡೋಸ್ ಹಾಗೇ ಉಳಿಯಿತು.

ಒಂದು ಮುಖ್ಯ ಪ್ರಶ್ನೆ: ಥೈರಾಯ್ಡ್ ಕ್ಯಾನ್ಸರ್ ಆಪರೇಷನ್ ಆಗಿದೆಯಾ? ಆಗಿದ್ದರೆ ಟಿಎಸ್‌ಎಚ್ ಬೇಕೆಂದೇ ಇಳಿಸಿಟ್ಟಿರಬಹುದು, ಆ ತೀರ್ಮಾನ ಅವರ ಡಾಕ್ಟರದ್ದೇ.

ಮೆಡಿಕಲ್‌ಶಾಪ್_ಶಿರಸಿ:
ಇದರ ಜೊತೆ ಇನ್ನೇನು ತಗೊಳ್ತಾರೆ ಅಂತ ಹೇಳಿ. ಐರನ್, ಗ್ಯಾಸ್ಟ್ರಿಕ್ ಮಾತ್ರೆ, ಕೂದಲಿನ ಮಾತ್ರೆ, ಎಲ್ಲವೂ ಲೆಕ್ಕಕ್ಕೆ ಬರುತ್ತೆ.

ಬೆಟ್ಟದಾವರೆ:
ಕ್ಯಾನ್ಸರ್ ಇಲ್ಲ, ಆಪರೇಷನ್ನೂ ಆಗಿಲ್ಲ. ಕೂದಲು ಉದುರುತ್ತೆ ಅಂತ ಬಯೋಟಿನ್ 10 ಮಿಲಿಗ್ರಾಂ ದಿನಾ ತಗೊಳ್ತಾರೆ.

ಮೆಡಿಕಲ್‌ಶಾಪ್_ಶಿರಸಿ:
ಹಾಗಿದ್ರೆ ಆ 0.08 ಅನ್ನು ಈಗಲೇ ನಂಬಬೇಡಿ. ಹಲವು ಲ್ಯಾಬ್‌ಗಳ ಪರೀಕ್ಷಾ ವಿಧಾನಕ್ಕೆ ಬಯೋಟಿನ್ ಅಡ್ಡ ಬರುತ್ತೆ: ಟಿಎಸ್‌ಎಚ್ ಸುಳ್ಳೇ ಕಡಿಮೆ, ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನು) ಸುಳ್ಳೇ ಜಾಸ್ತಿ. ಥೇಟ್ ಓವರ್‌ಡೋಸ್ ಆದ ಹಾಗೇ ಕಾಣುತ್ತೆ. ಕನಿಷ್ಠ 2 ದಿನ ಬಯೋಟಿನ್ ಬಿಟ್ಟು, ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗುವ ಮೊದಲು ರಕ್ತ ಕೊಡಿ. ಟಿಎಸ್‌ಎಚ್, ಫ್ರೀ ಟಿ4 ಎರಡೂ ಮಾಡಿಸಿ.

ಮಾತ್ರೆ ಬರಿ ಹೊಟ್ಟೆಗೆ, ನೀರಿನಲ್ಲಿ. ಕಾಫಿಗೂ ತಿಂಡಿಗೂ ಮುಂಚೆ ಅರ್ಧದಿಂದ ಒಂದು ಗಂಟೆ ಬಿಡಬೇಕು. ಹಾಸಿಗೆ ಬಿಟ್ಟ ತಕ್ಷಣ ಫಿಲ್ಟರ್ ಕಾಫಿ ಕುಡಿಯುವ ಮನೆಗಳಲ್ಲಿ ತಪ್ಪುವುದೇ ಇಲ್ಲಿ. ಕ್ಯಾಲ್ಸಿಯಂಗೂ ಐರನ್‌ಗೂ 4 ಗಂಟೆ ಅಂತರ. ಡಬ್ಬಿಯಲ್ಲಿ ಬಂದ ಮಾತ್ರೆಯನ್ನು ಅದೇ ಡಬ್ಬಿಯಲ್ಲಿ ಮುಚ್ಚಿಡಿ, ಅಡುಗೆಮನೆಯ ಒಲೆ ಪಕ್ಕ ಬೇಡ.

ಡಾಕ್ಟರಮ್ಮ_ಎಂಡೋ:
ಬಯೋಟಿನ್ ಕೇಳಿದ್ದು ಒಳ್ಳೆಯದಾಯಿತು. ಮರುಪರೀಕ್ಷೆಯಲ್ಲೂ ಕಡಿಮೆ ಬಂದರೆ ಡಾಕ್ಟರು ಸಾಮಾನ್ಯವಾಗಿ ಡೋಸ್ 12.5 ಅಥವಾ 25 ಮೈಕ್ರೋಗ್ರಾಂ ಇಳಿಸುತ್ತಾರೆ, 6ರಿಂದ 8 ವಾರದ ನಂತರ ಮತ್ತೆ ನೋಡುತ್ತಾರೆ. ಅದಕ್ಕೆ ಮುಂಚೆ ಪರೀಕ್ಷೆ ಮಾಡಿಸಿ ಪ್ರಯೋಜನವಿಲ್ಲ, ಈ ಹಾರ್ಮೋನಿನ ಅರ್ಧಾಯುಷ್ಯವೇ ಸುಮಾರು 7 ದಿನ.

−2.3 ಅಂದರೆ ಆಸ್ಟಿಯೋಪೀನಿಯಾ, ಮೂಳೆ ತೆಳುವಾಗುವ ಮೊದಲ ಹಂತ. ಆಸ್ಟಿಯೋಪೊರೋಸಿಸ್ ಎನ್ನುವುದು −2.5 ಮತ್ತು ಅದಕ್ಕಿಂತ ಕೆಳಗೆ. ಬೆನ್ನಿನ −1.4 ನೋಡಿ ನೆಮ್ಮದಿಪಡಬೇಡಿ, ವಯಸ್ಸಾದವರ ಬೆನ್ನುಮೂಳೆಯಲ್ಲಿ ಬೆಳೆದ ಮುಳ್ಳುಗಳು ಅಂಕಿಯನ್ನು ಚೆನ್ನಾಗಿ ತೋರಿಸಿಬಿಡುತ್ತವೆ. ಮುಂದಿನ ಸ್ಕ್ಯಾನ್ ಒಂದೆರಡು ವರ್ಷಕ್ಕೆ, ಅದೇ ಯಂತ್ರದಲ್ಲೇ. ವಿಟಮಿನ್ ಡಿ, ಕ್ಯಾಲ್ಸಿಯಂ, ಕಿಡ್ನಿ ಪರೀಕ್ಷೆ ಈಗಲೇ ಆಗಲಿ.

ರಾಗಿಮುದ್ದೆ_ಡಯಟ್:
ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಊಟವೂ ಸೇರಿ. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350, ದೊಡ್ಡ ಲೋಟ ಹಾಲಿನಲ್ಲಿ ಸುಮಾರು 240. ಉಳಿದದ್ದಕ್ಕೆ ಮಾತ್ರೆ. ಲೇಬಲ್‌ನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ 1250 ಎಂದಿದ್ದರೆ ಸಿಗುವ ಕ್ಯಾಲ್ಸಿಯಂ 500 ಮಾತ್ರ. ಅದು ಊಟದ ಜೊತೆಗೇ ಚೆನ್ನಾಗಿ ಹಿಡಿಯುತ್ತದೆ, ಹಾಗಾಗಿ ರಾತ್ರಿ ಊಟದ ಜೊತೆ ತಗೊಳ್ಳುವುದನ್ನು ಬದಲಿಸಬೇಡಿ.