ಒಂಬತ್ತನೆಯವನು ಬಂದರೆ ತಪ್ಪು

ಕುಟುಂಬದ ವಾಟ್ಸಾಪ್ ಗುಂಪು, ಜುಲೈ 2025

ದೊಡ್ಡಪ್ಪ: (ಫಾರ್ವರ್ಡ್) ವಾಷಿಂಗ್ಟನ್ ಡಿ.ಸಿ.ಯಲ್ಲಿ 18 ತುಂಬದ ಎಲ್ಲರಿಗೂ ಪ್ರತಿದಿನ ರಾತ್ರಿ 11ರಿಂದ ಕರ್ಫ್ಯೂ. ಪೊಲೀಸ್ ಮುಖ್ಯಸ್ಥರು ಗುರುತು ಮಾಡಿದ ಜಾಗಗಳಲ್ಲಿ ರಾತ್ರಿ 8ರಿಂದಲೇ 9 ಅಥವಾ ಹೆಚ್ಚು ಮಂದಿ ಹುಡುಗರು ಗುಂಪು ಸೇರುವಂತಿಲ್ಲ.

ದೊಡ್ಡಪ್ಪ: ಈಗಲಾದರೂ ಬುದ್ಧಿ ಬಂತು. ಹದಿನಾರರ ಹುಡುಗರಿಗೆ ಅಷ್ಟು ಹೊತ್ತಲ್ಲಿ ಬೀದಿಯಲ್ಲಿ ಏನು ಕೆಲಸ?

ಅತ್ತೆ: ಎಂಟು ಜನ ನಿಂತರೆ ಸರಿ, ಒಂಬತ್ತನೆಯವನು ಬಂದರೆ ತಪ್ಪು! ಅವನು ದೂರದಿಂದಲೇ ತಲೆ ಎಣಿಸಿಕೊಂಡು ಬರಬೇಕಾ ಅಣ್ಣಾ?

ಚಿಕ್ಕಪ್ಪ: ನಗಬೇಡ ಅಕ್ಕ. ನಾನು ಡಿ.ಸಿ.ಯಲ್ಲೇ ಇರುವವನು. ಇಲ್ಲಿನ ನೇವಿ ಯಾರ್ಡ್ ಬಡಾವಣೆಯ ಕಡೆ ವಾರಾಂತ್ಯ ಬಂತೆಂದರೆ ಇನ್‌ಸ್ಟಾಗ್ರಾಂ ನೋಡಿ ಹಿಂಡು ಹಿಂಡಾಗಿ ಬರುತ್ತಾರೆ, ಮುಕ್ಕಾಲು ಪಾಲು ಸುಮ್ನೆ ತಿರುಗಲು ಬಂದವರೇ, ಒಪ್ಪುತ್ತೇನೆ, ಆದರೆ ಹೊಡೆದಾಟ ಶುರುವಾದರೆ ಯಾರು ಯಾರೆಂದು ಗೊತ್ತಾಗುವುದಿಲ್ಲ. ಅಂಗಡಿಯವರು ಬಾಗಿಲು ಎಳೆದುಕೊಳ್ಳುತ್ತಾರೆ. ಆ ಹೊತ್ತಿಗೆ ಏನೋ ಒಂದು ಮಾಡಲೇಬೇಕಲ್ಲ?

ನಾನು: ಚಿಕ್ಕಪ್ಪ, ಡಿ.ಸಿ.ಯಲ್ಲಿ ಕರ್ಫ್ಯೂ ಹೊಸದೇನಲ್ಲ. 1995ರಿಂದ ಇದೆ. ಮೊದಲು 17 ತುಂಬದವರಿಗೆ ಮಾತ್ರ ಇತ್ತು, ಈಗ 17ರವರೂ ಸೇರಿದ್ದಾರೆ. ಮೂವತ್ತು ವರ್ಷದ ಔಷಧಿ ಕೆಲಸ ಮಾಡಿದ್ದರೆ ಡೋಸ್ ಜಾಸ್ತಿ ಮಾಡುವ ಅಗತ್ಯ ಯಾಕೆ ಬಂತು?

ದೊಡ್ಡಪ್ಪ: ಕರ್ಫ್ಯೂ ಇಲ್ಲದಿದ್ದರೆ ಇನ್ನೂ ಹದಗೆಡುತ್ತಿತ್ತು ಎಂದೂ ಹೇಳಬಹುದಲ್ಲ ಮಗಳೇ.

ನಾನು: ಹೇಳಬಹುದು, ಅದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಅಲ್ಲಿ ಜುಲೈ, ಆಗಸ್ಟ್‌ನಲ್ಲಿ ಕರ್ಫ್ಯೂ ಮಧ್ಯರಾತ್ರಿಗೆ ಶುರುವಾಗುತ್ತಿತ್ತು, ಸೆಪ್ಟೆಂಬರ್ ಬಂದರೆ ವಾರದ ದಿನಗಳಲ್ಲಿ 11ಕ್ಕೆ. ಗುಂಡಿನ ಸದ್ದು ಹಿಡಿಯುವ ಯಂತ್ರಗಳನ್ನು ನಗರದಲ್ಲಿ ಇಟ್ಟಿದ್ದಾರೆ, ಅವುಗಳ ಲೆಕ್ಕ ತೆಗೆದು ಇಬ್ಬರು ಅರ್ಥಶಾಸ್ತ್ರಜ್ಞರು ನೋಡಿದರೆ, ಕರ್ಫ್ಯೂ 11ಕ್ಕೆ ಬಂದ ಮೇಲೆ 11ರಿಂದ 12ರ ಆ ಒಂದು ಗಂಟೆಯಲ್ಲಿ ಗುಂಡಿನ ಸದ್ದು ಶೇ 150ರಷ್ಟು ಹೆಚ್ಚಾಗಿತ್ತು. ಕಡಿಮೆ ಅಲ್ಲ ದೊಡ್ಡಪ್ಪ, ಹೆಚ್ಚು. ಅವರ ಊಹೆ ಏನೆಂದರೆ, ಕಾನೂನಿಗೆ ಹೆದರುವ ಹುಡುಗರು ಮನೆಗೆ ಹೋದರು, ಹೆದರದವರು ಉಳಿದರು, ನೋಡುವ ಕಣ್ಣುಗಳೇ ಇಲ್ಲದ ಬೀದಿ ಅವರ ಪಾಲಾಯಿತು.

ಚಿಕ್ಕಪ್ಪ: ಒಂದು ಅಧ್ಯಯನ ಹಿಡಿದು ಹೀಗೆ ತೀರ್ಪು ಕೊಡಬೇಡ. ಬೇರೆ ನಗರಗಳಲ್ಲಿ ಕರ್ಫ್ಯೂ ಬಂದ ಮೇಲೆ ಹುಡುಗರ ಬಂಧನ ಕಡಿಮೆಯಾಯಿತು ಎಂದು ತೋರಿಸಿದ ಅಧ್ಯಯನವೂ ಇದೆ, 2012ರದ್ದು.

ನಾನು: ಇದೆ, ಇಲ್ಲ ಎನ್ನುವುದಿಲ್ಲ. ಅದಕ್ಕೇ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಸಂಸ್ಥೆ ಕ್ಯಾಂಪ್‌ಬೆಲ್ ಕೊಲಾಬೊರೇಷನ್‌ನವರು 2016ರಲ್ಲಿ 12 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದು. ಅಪರಾಧವೂ ಇಳಿದಿಲ್ಲ, ಹುಡುಗರು ಅಪರಾಧಕ್ಕೆ ಬಲಿಯಾಗುವುದೂ ಇಳಿದಿಲ್ಲ.

ಅತ್ತೆ: ನನ್ನದೊಂದು ಮೇಷ್ಟ್ರ ಮಾತು. ಅಮೆರಿಕದಲ್ಲಿ ಶಾಲೆ ಇರುವ ದಿನಗಳಲ್ಲಿ ಹುಡುಗರ ಹಿಂಸೆ ಅತಿ ಹೆಚ್ಚು ಆಗುವುದು ಮಧ್ಯಾಹ್ನ ಮೂರರ ಮೇಲೆ, ಗಂಟೆ ಹೊಡೆದ ತಕ್ಷಣ. ಶಾಲೆ ಬಿಟ್ಟಿದೆ, ಅಪ್ಪ ಅಮ್ಮ ಕೆಲಸದಲ್ಲಿದ್ದಾರೆ, ಹೋಗಲು ಜಾಗವಿಲ್ಲ. ಆ ಮೂರು ತಾಸು ಬಿಟ್ಟು ರಾತ್ರಿ ಹನ್ನೊಂದಕ್ಕೆ ಬಾಗಿಲು ಕಾಯುತ್ತಿದ್ದೇವೆ.

ದೊಡ್ಡಪ್ಪ: ನೀವೆಲ್ಲ ಮೃದು ಜನ. ಶಿಸ್ತು ಎಂದರೆ ಸಾಕು, ಮೈಮೇಲೆ ಬರುತ್ತೀರಿ.

ನಾನು: ಟೆಕ್ಸಾಸ್ ಮೃದುವಾ ದೊಡ್ಡಪ್ಪ? ನಗರಗಳು ಮಕ್ಕಳ ಮೇಲೆ ಕರ್ಫ್ಯೂ ಹಾಕುವಂತಿಲ್ಲ ಎಂದು 2023ರಲ್ಲಿ ಆ ರಾಜ್ಯವೇ ಕಾನೂನು ಮಾಡಿತು 😀

ದೊಡ್ಡಪ್ಪ: ಐಸ್‌ಲ್ಯಾಂಡ್ ನೋಡು ಹಾಗಾದರೆ. 13ರಿಂದ 16ರ ಮಕ್ಕಳು ಚಳಿಗಾಲದಲ್ಲಿ ರಾತ್ರಿ 10ರ ಮೇಲೆ ಹೊರಗಿರುವಂತಿಲ್ಲ. ಕುಡಿತ ನಿಂತೇ ಹೋಯಿತು ಅಲ್ಲಿ. ಇದಕ್ಕೇನು ಹೇಳುತ್ತೀಯ?

ಅತ್ತೆ: ಅಣ್ಣಾ, ಇದು ಒಳ್ಳೆಯ ಪ್ರಶ್ನೆ. ನಿಜ, 15-16ರ ಮಕ್ಕಳಲ್ಲಿ ಹಿಂದಿನ ತಿಂಗಳು ಅಮಲೇರುವಷ್ಟು ಕುಡಿದಿದ್ದೆ ಎಂದವರು 1998ರಲ್ಲಿ ಶೇ 42, 2016ರಲ್ಲಿ ಶೇ 5. ಆದರೆ ಅಲ್ಲಿ ಬರೀ ಗಡಿಯಾರ ನೋಡಿ ಕೂರಲಿಲ್ಲ. ಮಗು ಸಂಗೀತಕ್ಕೋ ಈಜಿಗೋ ಸೇರಲಿ ಎಂದು ರಾಜಧಾನಿ ರೇಕ್ಯವಿಕ್ ನಗರವೇ ಪ್ರತಿ ಮಗುವಿನ ಹೆಸರಲ್ಲಿ ವರ್ಷಕ್ಕಿಷ್ಟು ಹಣ ಇಟ್ಟಿತು. ವಾರಾಂತ್ಯದ ರಾತ್ರಿ ಅಪ್ಪ ಅಮ್ಮಂದಿರೇ ಗುಂಪು ಕಟ್ಟಿಕೊಂಡು ಬೀದಿ ಸುತ್ತಿದರು. ಗೊತ್ತಿರುವವರ ಅಮ್ಮ ಬಂದು ‘ಮನೆಗೆ ನಡಿಯೋ’ ಎನ್ನುವುದಕ್ಕೂ ಪೊಲೀಸ್ ಬಂದು ಗುರುತಿನ ಚೀಟಿ ಕೇಳುವುದಕ್ಕೂ ವ್ಯತ್ಯಾಸ ಇಲ್ವಾ?

ಚಿಕ್ಕಮ್ಮ: ಇಲ್ಲಿ ಸಿಕ್ಕಿಬಿದ್ದರೆ ಅಪ್ಪ ಅಮ್ಮನಿಗೆ 500 ಡಾಲರ್‌ವರೆಗೆ ದಂಡ ಹಾಕಬಹುದು. ರಾತ್ರಿ ಪಾಳಿ ಮಾಡುವ ತಾಯಿ ಎಲ್ಲಿಂದ ತರಬೇಕು? ಮಗು ಹೊರಗಿರುವುದೇ ಅವಳು ಕೆಲಸಕ್ಕೆ ಹೋಗಿರುವುದರಿಂದ.

ಚಿಕ್ಕಪ್ಪ: ಎಲ್ಲ ಸರಿ. ಜಾಗ ಕಟ್ಟಿ, ಕೋಚ್ ಇಟ್ಟು, ಫಲ ಬರಲು ಹತ್ತು ವರ್ಷ. ನನ್ನ ಪ್ರಶ್ನೆ ಈ ಶನಿವಾರದ್ದು.

ನಾನು: ಹತ್ತು ವರ್ಷ ಬೇಡ, ಎಂಟು ವಾರ! ಶಿಕಾಗೋದಲ್ಲಿ ಹಿಂಸೆ ಜಾಸ್ತಿ ಇದ್ದ 13 ಶಾಲೆಗಳ 1,634 ಮಕ್ಕಳಲ್ಲಿ ಚೀಟಿ ಎತ್ತಿದ ಹಾಗೆ ಆರಿಸಿ, ಕೆಲವರಿಗೆ ಬೇಸಿಗೆಯಲ್ಲಿ ಸಂಬಳದ ಕೆಲಸ ಕೊಟ್ಟರು. ಮುಂದಿನ 16 ತಿಂಗಳಲ್ಲಿ ಹಿಂಸೆಯ ಕೇಸಿನ ಬಂಧನ, ಕೆಲಸ ಸಿಗದವರಿಗಿಂತ ಶೇ 43 ಕಡಿಮೆ. ನನಗೆ ಇಷ್ಟವಾಗಿದ್ದು ಇದು: ಇಳಿಕೆ ಹೆಚ್ಚಾಗಿ ಕಂಡಿದ್ದು ಕೆಲಸ ಮುಗಿದ ಮೇಲೆ. ಅಂದರೆ ಬಿಡುವಿಲ್ಲದ್ದಕ್ಕೆ ಜಗಳ ಆಡಲಿಲ್ಲ ಅಂತಲ್ಲ, ಒಳಗೇ ಏನೋ ಬದಲಾಗಿದೆ. ಈ ಶನಿವಾರಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಅದನ್ನು ಒಪ್ಪುತ್ತೇನೆ. ಜಗಳವಾಡುವವರನ್ನು ಹಿಡಿಯಿರಿ, ಅದಕ್ಕೆ ಕಾನೂನು ಮೊದಲೇ ಇದೆಯಲ್ಲ.

ಚಿಕ್ಕಪ್ಪ: ಬೇಸಿಗೆ ಕೆಲಸ ಡಿ.ಸಿ.ಯಲ್ಲೂ ಇದೆ. ಮೇಯರ್ ಮರಿಯನ್ ಬ್ಯಾರಿ 1979ರಲ್ಲೇ ಶುರು ಮಾಡಿದ್ದು. ಆದರೂ ನೇವಿ ಯಾರ್ಡ್ ಹಾಗೇ ಇದೆ.

ನಾನು: 🤐 ಅದು ಸರಿಯಾದ ಪೆಟ್ಟು.

ಪುಟ್ಟ: ಹಲೋ. ನಿಮ್ಮ ಚರ್ಚೆಯ ವಸ್ತು ಮಾತಾಡಬಹುದಾ? ನನಗೇ 17.

ಅತ್ತೆ: ಮಾತಾಡಪ್ಪ, ಎರಡು ಗಂಟೆಯಿಂದ ನಿನ್ನನ್ನು ಯಾರೂ ಕೇಳೇ ಇಲ್ಲ.

ಪುಟ್ಟ: ಕೆಲಸದಿಂದ ನೇರ ಮನೆಗೆ ಬರುತ್ತಿದ್ದರೆ ತಪ್ಪಲ್ಲ. ನಡುವೆ ಎಲ್ಲೂ ನಿಲ್ಲಬಾರದು. ನಾನು ಹತ್ತಕ್ಕೆ ಕೆಲಸ ಮುಗಿಸಿ, ಫ್ರೆಂಡ್ಸ್ ಜೊತೆ ಒಂದು ಪಿಜ್ಜಾ ತಿಂದು, ಬಸ್ ತಪ್ಪಿಸಿಕೊಂಡರೆ ಅಪರಾಧಿ. ಮತ್ತೆ ಯಾರ ಹಣೆಯ ಮೇಲೂ ವಯಸ್ಸು ಬರೆದಿರುವುದಿಲ್ಲ. ಯಾರನ್ನು ನಿಲ್ಲಿಸಬೇಕು ಎಂದು ಮುಖ ನೋಡಿಯೇ ತೀರ್ಮಾನ ಆಗುತ್ತದೆ. ನನ್ನ ಕಪ್ಪು ಫ್ರೆಂಡ್‌ಗೆ ಅವನ ಅಮ್ಮ ಹತ್ತು ವರ್ಷದವನಿದ್ದಾಗಲೇ ಹೇಳಿಕೊಟ್ಟಿದ್ದಾರೆ, ಪೊಲೀಸರು ನಿಲ್ಲಿಸಿದರೆ ಕೈ ಎಲ್ಲಿಡಬೇಕು ಎಂದು. ನನಗೆ ನೀವು ಯಾರೂ ಹೇಳಿಲ್ಲ.

ದೊಡ್ಡಪ್ಪ: ಹ್ಞೂಂ.

ದೊಡ್ಡಪ್ಪ: ಅದು ನನಗೆ ಹೊಳೆದಿರಲಿಲ್ಲ ಪುಟ್ಟ. ಆದರೂ ಹನ್ನೊಂದರೊಳಗೆ ಮನೆಗೆ ಬಾರಪ್ಪ.

ಪುಟ್ಟ: ಬರುತ್ತೇನೆ ದೊಡ್ಡಪ್ಪ. ಅಪ್ಪಾ, ಶನಿವಾರ ಹತ್ತಕ್ಕೆ ಕರೆದುಕೊಂಡು ಹೋಗಲು ಬರುತ್ತೀರಾ? ಫ್ರೆಂಡ್ಸನ್ನೂ ಮನೆಗೆ ಬಿಡಬೇಕು.

ಚಿಕ್ಕಪ್ಪ: ಬರುತ್ತೇನೆ. ಎಷ್ಟು ಜನ? ಕಾರಲ್ಲಿ ಐದೇ ಸೀಟು.

ದೊಡ್ಡಪ್ಪ: ಎರಡು ಸಲ ಓಡಾಡು ಮಾರಾಯ. ಒಂಬತ್ತು ಆಗದಿದ್ದರೆ ಸಾಕು.